ಫ್ಲಾರೆನ್ಸಿನ ಗುಮ್ಮಟ ಮತ್ತು ಉಳಿದ ಅಕ್ಕಿ

"ಬನೂ, ಉಳಿದ ಅಕ್ಕಿ ಎಲ್ಲಾ ಇವತ್ತೇ ಖಾಲಿ ಮಾಡ್ಬಿಡು. ಅರ್ಧ ಚಿತ್ರಾನ್ನ, ಅರ್ಧ ಮೊಸರನ್ನ. ಟ್ರೇನಿಗೂ ಆಗುತ್ತೆ," ಎಂದು ನಾರಾಯಣ ಸೋಫಾದ ಮೇಲೆ ಕಾಲು ಚಾಚಿಕೊಂಡೇ ಅಪ್ಪಣೆ ಕೊಡಿಸಿದ.

ಇಟಲಿಯ ಫ್ಲಾರೆನ್ಸಿನಲ್ಲಿ, ರಜೆಗೆಂದು ಹಿಡಿದ ಬಾಡಿಗೆ ಮನೆಯಲ್ಲಿ ಅದು ನಮ್ಮ ಕೊನೆಯ ದಿನ. ಸಂಜೆ ಟ್ರೇನು ಹತ್ತಿದರೆ ರೋಮ್, ಅಲ್ಲಿಂದ ವಿಮಾನ. ಅಕ್ಕಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯುವ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಕಸದ ಡಬ್ಬಿಗೆ ಸುರಿಯಲು ನಮ್ಮವರಿಗೆ ಕೈ ಬರುವುದಿಲ್ಲ, ಪಾಪ ಸುತ್ತಿಕೊಳ್ಳುತ್ತದೆ. ಹಾಗಾಗಿ ಬೇಯಿಸಿ ತಿಂದೇ ತೀರಬೇಕು. ಬೇಯಿಸುವವಳು ಯಾರು? ಇನ್ನಾರು, ನಾನೇ.

ನಾವು ಮೂರು ಜೋಡಿ. ಪರ್ತ್‌ನಿಂದ ನಾರಾಯಣ, ಕನಕ. ಅವನು ಗಣಿಯಲ್ಲಿ ಜಿಯಾಲಜಿಸ್ಟ್. ಅಡಿಲೇಡಿನ ಕಿಲ್ಬರ್ನ್‌ನಿಂದ ಅನಿಲ, ನಮಿತಾ. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಿಂದ ನಾನು, ನನ್ನ ಗಂಡ ಸತೀಶ. ಓದುವ ಕಾಲದಲ್ಲಿ ಪರ್ತ್‌ನ ಬೆಂಟ್ಲಿಯ ಒಂದೇ ಬಾಡಿಗೆ ಮನೆಯಲ್ಲಿ ಎಲ್ಲರೂ ಸೇರಿಕೊಂಡಿದ್ದೆವು. ಆಗ ಅಡುಗೆ ಬರುತ್ತಿದ್ದದ್ದು ನನಗೊಬ್ಬಳಿಗೇ. ಅದೇ ಅಭ್ಯಾಸ ಇವರನ್ನು ಇನ್ನೂ ಬಿಟ್ಟಿಲ್ಲ. ಇಪ್ಸ್‌ವಿಚ್‌ನಲ್ಲಿ ನನ್ನ ಕೆಲಸವೂ ಆಸ್ಪತ್ರೆಯ ಅಡುಗೆಮನೆಯಲ್ಲೇ. ಅಲ್ಲಿ ಸೌಟು ಹಿಡಿದು ಸಾಕಾಗಿ ರಜೆ ಹಾಕಿ ಇಟಲಿಗೆ ಬಂದರೆ, ಇಲ್ಲೂ ಸೌಟೇ! ದಿನಾ ಬೆಳಿಗ್ಗೆ ಇವರು ಸ್ನಾನ ಮುಗಿಸಿ, ಸೆಂಟು ಹೊಡೆದುಕೊಂಡು ಮ್ಯೂಸಿಯಂಗೆ ಹೊರಡುವರು. ನಾನು ಡಬ್ಬಿ ಕಟ್ಟಿ, ಪಾತ್ರೆ ತೊಳೆದು, ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡುವೆ.

ನಾನು ಇಟಲಿಗೆ ಬಂದದ್ದು ಒಂದೇ ಒಂದು ಆಸೆಗೆ. ಇಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಹತ್ತಬೇಕು. ನಾನು ವಿಜಯಪುರದವಳು, ಮನೆಯ ಮಾಳಿಗೆಗೆ ಹೋದರೆ ಗೋಲಗುಮ್ಮಟ ಕಾಣುತ್ತಿತ್ತು. ಇನ್ನೊಂದು ಊರಿನವರು ಅಂಥದ್ದನ್ನು ಹೇಗೆ ಕಟ್ಟಿದ್ದಾರೆ ಎಂದು ಕಣ್ಣಾರೆ ನೋಡಬೇಕೆಂಬ ಹುಚ್ಚು. ಬಂದ ಮರುದಿನಕ್ಕೇ ಟಿಕೆಟ್ ಮಾಡಿಸಿದ್ದೆ. ಆ ಬೆಳಿಗ್ಗೆ ಆರು ಜನರ ಪುಳಿಯೋಗರೆ ಕಲಸಿ ಮುಗಿಸುವಷ್ಟರಲ್ಲಿ ಟಿಕೆಟ್ಟಿನಲ್ಲಿದ್ದ ಸಮಯ ಮೀರಿತ್ತು. ಬಾಗಿಲಿನವನು ಒಳಗೆ ಬಿಡಲಿಲ್ಲ. ಕಾಡಿ ಬೇಡಿ ಹುಡುಕಿದಾಗ ಕೊನೆಯ ದಿನಕ್ಕೆ ಒಂದೇ ಒಂದು ಟಿಕೆಟ್ ಸಿಕ್ಕಿತು. ಊರಿಗೆ ಹೋದ ಮೇಲೆ ನನ್ನ ಮಂಡಿಗೆ ಆಪರೇಷನ್ ಇದೆ. ಇಂಥ ಮೆಟ್ಟಿಲುಗಳ ಆಸೆ ಆಮೇಲೆ ಬಿಟ್ಟುಬಿಡಿ ಎಂದಿದ್ದಾರೆ ಡಾಕ್ಟರು. ಇವತ್ತು ಹತ್ತಲಿಲ್ಲವೋ, ಈ ಜನ್ಮಕ್ಕಿಲ್ಲ.

"ನಾ ಇವತ್ತ ಒಲಿ ಹಚ್ಚಂಗಿಲ್ಲ," ಅಂದೆ.

"ಅಯ್ಯಯ್ಯೋ, ಬಿಜಾಪುರ ಎದ್ದುಬಿಡ್ತಪ್ಪಾ!" ನಾರಾಯಣ ನಕ್ಕ. ಸಿಟ್ಟು ಬಂದಾಗ ನನ್ನ ಬಾಯಿಂದ ಊರಿನ ಮಾತು ಬರುವುದು ಇವರಿಗೆಲ್ಲ ತಮಾಷೆ.

"ಟ್ರೇನು ಇರೋದು ಸಂಜೆ ತಾನೆ? ಮಾಡಿಟ್ಟು ಹೋಗೇ," ಎಂದ ಅನಿಲ. ನಮಿತಾ ಸೂಟ್‌ಕೇಸಿನಿಂದ ತಲೆಯನ್ನೇ ಎತ್ತಲಿಲ್ಲ.

"ನಾನೇ ಮಾಡ್ತಿದ್ದೆ ಕಣೇ, ಆದ್ರೆ ನಿನ್ ಕೈರುಚಿ ನಂಗೆಲ್ಲಿ ಬರುತ್ತೆ?" ಎಂದಳು ಕನಕ.

ನನ್ನ ಮೈಯೆಲ್ಲಾ ಉರಿದುಹೋಯಿತು. ಕೈರುಚಿ ಅಂತೆ! ಈ ಒಂದು ಹೊಗಳಿಕೆಯಿಂದಲೇ ಎಷ್ಟು ಹೆಂಗಸರನ್ನು ಒಲೆಯ ಮುಂದೆ ಕೂರಿಸಿದ್ದಾರೋ.

ಸತೀಶ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದ. "ಎಲ್ಲರ ಮುಂದೆ ಏನೇ ಇದು? ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ಕುಕ್ಕರ್ ಇಟ್ಟು ಹೋದ್ರೆ ಆಯ್ತಪ್ಪ."

"ನೀನೇ ಇಡು."

"ನಂಗೆ ಬರುತ್ತಾ?"

"ಅಕ್ಕಿ ಹಾಕು, ನೀರು ಹಾಕು, ಸ್ವಿಚ್ ಒತ್ತು. ಅದಕ್ಕೇನು ಡಿಗ್ರಿ ಬೇಕೇನು?"

ಚಪ್ಪಲಿ ಬಿಟ್ಟು ಶೂ ಹಾಕಿದೆ, ಮಂಡಿಗೆ ಪಟ್ಟಿ ಬಿಗಿದೆ. ಹಿಂದಿನಿಂದ ಯಾರೋ ಕರೆದರು. ಕಿವಿಗೆ ಹಾಕಿಕೊಳ್ಳದೆ ಬಾಗಿಲು ಎಳೆದುಕೊಂಡು ಹೊರಟೆ.

ಅಯ್ಯೋ ಶಿವನೇ, ಆ ಮೆಟ್ಟಿಲುಗಳು! ಒಬ್ಬರು ಹತ್ತಿದರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಕಲ್ಲು ಸವೆದು ನುಣುಪಾಗಿತ್ತು. ಅರ್ಧ ದಾರಿಯಲ್ಲಿ ಗುಮ್ಮಟದ ಒಳಸುತ್ತಿನ ಗ್ಯಾಲರಿ ಬಂತು, ತಲೆಯ ಮೇಲೆ ಸ್ವರ್ಗ ನರಕಗಳ ಚಿತ್ರ. ಗೋಲಗುಮ್ಮಟದಲ್ಲಿ ಮಾಡುವ ಹಾಗೆ ಒಮ್ಮೆ 'ಕೂ' ಎನ್ನಬೇಕೆಂದು ಗಂಟಲವರೆಗೂ ಬಂದಿತ್ತು, ಕಾವಲಿನವಳು ದುರುಗುಟ್ಟಿ ನೋಡಿದ್ದಕ್ಕೆ ನುಂಗಿಕೊಂಡೆ. ಅಲ್ಲಿಂದ ಮೇಲೆ ಮಂಡಿ ಕುಯ್ಯೋ ಮುರ್ರೋ ಎನ್ನತೊಡಗಿತು. ಗೋಡೆ ಹಿಡಿದು ನಿಂತೆ. ಹಿಂದಿದ್ದ ಹುಡುಗಿ ಏನೋ ಕೇಳಿದಳು, ಇಟಾಲಿಯನ್ ಇರಬೇಕು. "ಹತ್ತತೀನಿ ತಡಿಯವ್ವ," ಎಂದೆ. ಅವಳಿಗೆ ಏನು ತಿಳಿಯಿತೋ, ತಾಳ್ಮೆಯಿಂದ ನಿಂತಳು. ಇಷ್ಟು ವರ್ಷ ನೆಲದ ಮೇಲೆ ನಿಂತು ಎಲ್ಲರಿಗೂ ಬಡಿಸಿದ ಕಾಲುಗಳೇ, ಇವತ್ತೊಂದು ದಿನ ನನ್ನ ಮಾತು ಕೇಳಿ ಎಂದು ಬೈದುಕೊಂಡು, ಎರಡು ಕೈಯಲ್ಲೂ ಕಂಬಿ ಹಿಡಿದು ಮೈ ಎಳೆದುಕೊಂಡು ಹತ್ತಿದೆ.

ಮೇಲೆ ಗಾಳಿ, ಬಿಸಿಲು, ಎತ್ತ ನೋಡಿದರೂ ಕೆಂಪು ಹೆಂಚು, ಆಚೆ ಹಸಿರು ಗುಡ್ಡ. ನನಗೆ ಅಳು ಬಂತು. ನೀರು ಕೊಡು, ಉಪ್ಪಿನಕಾಯಿ ಎಲ್ಲಿ ಎಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಖುಷಿಯಿಂದಲೇ ಅತ್ತೆ.

ಆದರೂ ಯೋಚನೆ ಮನೆಯ ಕಡೆಗೇ ಹೋಯಿತು. ಅಲ್ಲಿ ಎಲ್ಲರೂ ಹಸಿದು ಕೂತಿದ್ದಾರೇನೋ? ಸತೀಶ ಕೈ ಸುಟ್ಟುಕೊಂಡನೇನೋ? ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕನಕ ಕಳಿಸಿದ ಫೋಟೋ. ನಾವಿದ್ದ ಬೀದಿಯ ಮೂಲೆಯ ಹೋಟೆಲು. ಐದೂ ಜನ ಮೇಜಿನ ಸುತ್ತ ಕೂತು ಪಾಸ್ತಾ ಬಾರಿಸುತ್ತಿದ್ದಾರೆ. ನಾರಾಯಣನ ಗಡ್ಡಕ್ಕೆಲ್ಲ ಟೊಮೇಟೊ. ಕೆಳಗೆ, "ಸೂಪರ್ ಆಗಿದೆ ಕಣೇ! ದಿನಾ ಇಲ್ಲೇ ತಿನ್ಬಹುದಿತ್ತು."

ದಿನಾ ತಿನ್ನಬಹುದಿತ್ತು! ಇಷ್ಟು ದಿನ ನಾನಿಲ್ಲದಿದ್ದರೆ ಇವರು ಉಪವಾಸ ಎಂದು ನಾನೂ ನಂಬಿಕೊಂಡಿದ್ದೆನಲ್ಲ! ನಾನು ಬಾಗಿಲು ದಾಟಿದ್ದೇ ತಡ, ಎದ್ದು ಹೋಗಿ ತಿಂದಿದ್ದಾರೆ. ಮೊದಲು ಸಿಟ್ಟು ಬಂತು, ಆಮೇಲೆ ಪಕ್ಕದವರು ತಿರುಗಿ ನೋಡುವಷ್ಟು ನಗು.

ಸತೀಶನ ಮೆಸೇಜು ಬಂತು. "ಬೇಗ ಬಾ, ನಿಂಗೂ ಆರ್ಡರ್ ಮಾಡಿದೀನಿ. ಎಲ್ಲರೂ ಕಾಯ್ತಿದೀವಿ."

ಗುಮ್ಮಟದ ಇನ್ನೊಂದು ಬದಿಯನ್ನು ನಾನಿನ್ನೂ ನೋಡಿರಲಿಲ್ಲ.

"ಕಾಯಬ್ಯಾಡ್ರಿ," ಎಂದು ಬರೆದು, ಫೋನನ್ನು ಚೀಲಕ್ಕೆ ಹಾಕಿ ಆ ಕಡೆಗೆ ಕುಂಟುತ್ತಾ ಹೋದೆ.