ದೊಡ್ಡಮೊರದ ನೀರು

"ತೆಗಿಯೇ ಕೈನ! ಮೇಷಿನ್ ಮೇಲೆ ಹಾಗೆ ಸವರೋಕೆ ಇದೇನು ನಿನ್ನ ಗಂಡನ ಬೆನ್ನಾ?"

ಅಂಕಮ್ಮ ಕೈ ತೆಗೆಯಲಿಲ್ಲ. ಎಡಗೈಯ ಮೂರು ಬೆರಳು ಮೇಜಿನ ಮೇಲೆ ಹರಿಯುವ ನೀರಿನಲ್ಲಿದ್ದವು, ಬಲಗೈ ನೀರು ಬಿಡುವ ಕೆಂಪು ಚಕ್ರದ ಮೇಲಿತ್ತು. ನೀರು ಉಗುರಿನ ಅರ್ಧಕ್ಕೆ ಬಂದು ನಿಲ್ಲುವವರೆಗೂ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಒಂಬತ್ತು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಅದು. ಹಾಗೆ ಕೂಗಿದ ಹೊಸ ಸೂಪರ್‌ವೈಸರ್ ರಾಮಪ್ರಸಾದ ಬಂದು ಒಂಬತ್ತು ದಿನವಾಗಿತ್ತು.

"ಮಾತಾಡಿದ್ದು ಕೇಳಿಸ್ತಾ? ಕಿವಿಗೆ ಕಲ್ಲು ತುಂಬ್ಕೊಂಡಿದೀಯಾ?"

"ಕೇಳಿಸ್ತು ಸಾರ್. ನೀರು ಜಾಸ್ತಿ ಆಗಿತ್ತು, ಇಳಿಸ್ದೆ."

ಉತ್ತರಹಳ್ಳಿ ದಾಟಿ ತಲಘಟ್ಟಪುರದ ಕಡೆ ಹೋಗುವ ಮಣ್ಣುದಾರಿಯ ಪಕ್ಕದಲ್ಲಿ ಸೋಮಲಿಂಗಪ್ಪನ ತಗಡಿನ ಶೆಡ್ಡು. ಕನಕಪುರದಾಚೆಯಿಂದ ಲಾರಿಯಲ್ಲಿ ಕಲ್ಲು ಬಂದು ಬೀಳುತ್ತಿತ್ತು. ಆ ಕಲ್ಲಿನೊಳಗೆ ಕುರಂದ ಇತ್ತು. ಕುರಂದ ಎಂದರೆ ಚಾಕು, ಮಚ್ಚು ಮಸೆಯುವ ಸಾಣೆ ಚಕ್ರಕ್ಕೆ ಹಾಕುವ ಕೆಂಪು ಗಟ್ಟಿ ಕಾಳು. ಹೆಂಗಸರು ಸುತ್ತಿಗೆಯಲ್ಲಿ ಕಲ್ಲು ಒಡೆಯಬೇಕು, ಗಿರಣಿ ಅದನ್ನು ಪುಡಿ ಮಾಡಬೇಕು, ಪುಡಿ ಈ ಓರೆ ಮೇಜಿನ ಮೇಲೆ ಬೀಳಬೇಕು. ಮೇಜು ಬೆಳಗಿನಿಂದ ಸಂಜೆವರೆಗೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೇಲಿನ ಅಂಚಿನ ತೂತುಕೊಳವೆಯಿಂದ ನೀರು ತೆಳ್ಳಗೆ ಇಳಿಯುತ್ತಿತ್ತು. ಭಾರದ ಕುರಂದ ಆ ತುದಿಗೆ ತೆವಳಿ ಚೀಲಕ್ಕೆ ಬೀಳುತ್ತಿತ್ತು. ಹಗುರದ ಮರಳು, ಕಾಗೆಬಂಗಾರ ಎಲ್ಲ ನೀರಿನ ಜೊತೆ ಕೆಳಗಿನ ಚರಂಡಿಗೆ ಜಾರಿ, ಶೆಡ್ಡಿನ ಹಿಂದಿನ ಕೊಚ್ಚೆಗುಂಡಿ ಸೇರುತ್ತಿತ್ತು.

ಹೆಂಗಸರು ಅದಕ್ಕೆ ದೊಡ್ಡಮೊರ ಎಂದು ಹೆಸರಿಟ್ಟಿದ್ದರು. ರಾಗಿ ಕೇರಿದವಳಿಗೆ ಅದರಲ್ಲಿ ಹೊಸದೇನೂ ಇಲ್ಲ. ಅಲ್ಲಿ ಗಾಳಿ, ಇಲ್ಲಿ ನೀರು. ಗಾಳಿ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ, ಗಾಳಿ ಸತ್ತರೆ ಕಾಳಿನ ಜೊತೆ ಹೊಟ್ಟೂ ಉಳಿಯುತ್ತದೆ. ಅಂಕಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಟ್ಯಾಂಕಿನ ಬುಡದಲ್ಲಿ ಎರಡು ಚಕ್ರಗಳಿದ್ದವು. ಕೆಂಪುಚಕ್ರ ಮೇಜಿನ ನೀರಿಗೆ, ಕರಿಚಕ್ರ ಕೇರಿಯ ನಲ್ಲಿಗೆ. ಕೇರಿಯ ನಲ್ಲಿ ಅಲ್ಲಿಗೆ ಬಂದದ್ದು ಸೋಮಲಿಂಗಪ್ಪನ ದಾನಬುದ್ಧಿಯಿಂದಲ್ಲ. ಟ್ಯಾಂಕಿಗೆ ಹತ್ತುತ್ತಿದ್ದುದೇ ಹೊಲಗೇರಿಯ ಬಾವಿಯ ನೀರು. ಶೆಡ್ಡು ಹಾಕುವಾಗ ಆತ ಮಾರಮ್ಮನ ಕಲ್ಲು ಮುಟ್ಟಿ ಮಾತು ಕೊಟ್ಟಿದ್ದ: ಹಗಲೆಲ್ಲ ಬಾವಿ ಮೇಷಿನ್ನಿಗೆ, ಸಂಜೆ ಒಂದು ಗಂಟೆ ಟ್ಯಾಂಕಿನ ನೀರು ಕೇರಿಗೆ. "ನಿಮ್ಮ ಬಾವಿ ನೀರನ್ನ ನಾನು ಕುಡಿಯಲ್ಲ ಕಣ್ರಮ್ಮ, ಕಲ್ಲು ಕುಡಿಯುತ್ತೆ. ಕಲ್ಲಿಗೆ ಎಲ್ಲಿಯ ಜಾತಿ?" ಎಂದು ನಕ್ಕಿದ್ದ. ಆಮೇಲೆ ಬಾವಿಯ ಬಾಯಿಗೆ ಗೋಡೆ ಎಬ್ಬಿಸಿ, ಪಂಪು ಕೂರಿಸಿ, ಬಾಗಿಲಿಟ್ಟು ಬೀಗ ಹಾಕಿದ. ಆತ ಕುಡಿಯುವ ನೀರು ಕ್ಯಾನಿನಲ್ಲಿ ಜಯನಗರದ ಮನೆಯಿಂದ ಕಾರಿನಲ್ಲೇ ಬರುತ್ತಿತ್ತು. ಆ ಕ್ಯಾನಿನ ಹತ್ತಿರ ಕೇರಿಯವರು ಸುಳಿಯುವಂತಿರಲಿಲ್ಲ.

ರಾಮಪ್ರಸಾದ ಡಿಪ್ಲೊಮಾ ಓದಿದವನು, ಜೇಬಿನಲ್ಲಿ ಎರಡು ಪೆನ್ನು. ಅವನಿಗೆ ಸಂಜೆಯ ಆ ಒಂದು ಗಂಟೆ ಕಣ್ಣಿಗೆ ಚುಚ್ಚಿತು.

"ಸಾರ್, ಸಂಜೆ ಟ್ಯಾಂಕ್ ಖಾಲಿ ಮಾಡಿದ್ರೆ ಬೆಳಿಗ್ಗೆ ತುಂಬೋಕೆ ಎರಡು ಅವರ್ ವೇಸ್ಟ್. ಇವಳೋ, ಗಂಟೆಗೆ ಹತ್ತು ಸಲ ವಾಲ್ವ್ ತಿರುಗಿಸ್ತಾಳೆ. ಒಂದು ಮಾರ್ಕ್ ಹಾಕಿ ಲಾಕ್ ಮಾಡಿಬಿಟ್ರೆ ಇವಳೂ ಬೇಡ, ಆ ನಲ್ಲಿನೂ ಬೇಡ."

ಸೋಮಲಿಂಗಪ್ಪ ಎಲೆಅಡಿಕೆ ಜಗಿಯುತ್ತ ಅಂಕಮ್ಮನ ಕಡೆ ನೋಡಿದ, ಚರಂಡಿಗೆ ಉಗಿದ, "ಮಾಡಿ" ಎಂದ. ದೇವರ ಕಲ್ಲು ಮುಟ್ಟಿ ಕೊಟ್ಟ ಮಾತು ಒಂದು ಉಗುಳಿಗೆ ಹೋಯಿತು.

ಅವತ್ತು ಮಧ್ಯಾಹ್ನ ಟ್ಯಾಂಕು ಅರ್ಧಕ್ಕಿಳಿದಿದ್ದಾಗ ರಾಮಪ್ರಸಾದ ಕೆಂಪುಚಕ್ರ ತಿರುಗಿಸಿ, ಮೇಜಿನ ಮೇಲೆ ನೀರು ಹದವಾಗಿ ಹರಿಯುವುದನ್ನು ಕಂಡು, ಅಲ್ಲಿಗೆ ಹಳದಿ ಬಣ್ಣದ ಗೆರೆ ಎಳೆದ. ಕರಿಚಕ್ರವನ್ನು ಪೂರ್ತಿ ಮುಚ್ಚಿದ. ಎರಡೂ ಚಕ್ರಕ್ಕೆ ಸೇರಿಸಿ ಒಂದೇ ಸರಪಳಿ ಸುತ್ತಿ, ಅಂಗೈಯಗಲದ ಬೀಗ ಜಡಿದ.

"ಸಾರ್, ಟ್ಯಾಂಕು ತುಂಬಿದಾಗ ನೀರಿನ ಜೋರೇ ಬ್ಯಾರೆ, ಅರ್ಧ ಇದ್ದಾಗ ಬ್ಯಾರೆ. ಒಂದೇ ಗುರುತಿಗೆ ಕಟ್ಟಾಕಿದ್ರೆ ಮಾಲೆಲ್ಲ ಕೊಚ್ಕೊಂಡೋಯ್ತದೆ," ಎಂದಳು ಅಂಕಮ್ಮ.

"ನೀನು ಯಾವ ಕಾಲೇಜಮ್ಮಾ?" ಎಂದ ರಾಮಪ್ರಸಾದ. ಸೋಮಲಿಂಗಪ್ಪನಿಗೆ ನಗು ತಡೆಯಲಾಗದೆ ಎಲೆಅಡಿಕೆಯ ರಸ ಗಲ್ಲಕ್ಕಿಳಿಯಿತು. "ಹೋಗು, ಕಲ್ಲು ಒಡಿ ಹೋಗು. ಕೈಗೆ ಸುತ್ತಿಗೆ ಬಂದ್ರೆ ಬಾಯಿ ತಾನಾಗೇ ಮುಚ್ಚುತ್ತೆ," ಎಂದು ಅದನ್ನು ಒರೆಸಿಕೊಂಡ.

ಅಂಕಮ್ಮ ಕಲ್ಲಿನ ಗುಡ್ಡೆಗೆ ಹೋಗಿ ಕುಳಿತಳು. ಪಂಪಿನವನು ಪಿಳ್ಳಪ್ಪ, ಕೇರಿಯ ಮುದುಕ, ಅವಳ ಕಡೆ ನೋಡದೆ ಬೆಲ್ಟಿಗೆ ರಾಳ ಬಳಿಯುತ್ತ ನಿಂತ.

ಆ ದಿನದಿಂದ ಕೇರಿಯ ನಲ್ಲಿ ಒಣಗಿತು. ಕೆರೆ ಬತ್ತಿತ್ತು, ಹತ್ತಿರದಲ್ಲಿ ಬೇರೆ ನೀರಿರಲಿಲ್ಲ. ಊರ ಬಾವಿಗೆ ಕೇರಿಯ ಕೊಡ ಇಳಿಯುವಂತಿಲ್ಲ. ಉಳಿದದ್ದು ಕೊಚ್ಚೆಗುಂಡಿ. ಹೆಂಗಸರು ಬೆಳಗಾಗುವುದರೊಳಗೆ ಹೋಗಿ, ಮೇಲಿನ ತಿಳಿಯನ್ನು ತೆಂಗಿನ ಚಿಪ್ಪಿನಲ್ಲಿ ತೆಗೆದು, ಸವೆದು ಜಾಳಾದ ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ತರುತ್ತಿದ್ದರು. ಎಷ್ಟು ಸೋಸಿದರೂ ಅದು ಬೂದಿ ಬಣ್ಣವೇ. ಮೇಲೆ ಗಿರಣಿಯ ಗ್ರೀಸು ಬಣ್ಣಬಣ್ಣವಾಗಿ ತೇಲುತ್ತಿತ್ತು. ಗುಂಡಿಯ ಆ ಬದಿಯಲ್ಲಿ ಶೆಡ್ಡಿನ ಗಂಡಸರು ಉಚ್ಚೆ ಹೊಯ್ಯುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಕುಡಿಯುವುದು ಹೇಗೆ?

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈಯೂ ಕೆಸರು, ಬಾಯಿಯೂ ಕೆಸರು. ಮುದ್ದೆ ನುಂಗಿದರೆ ಗಂಟಲಲ್ಲಿ ಗರಗರ. ಮಕ್ಕಳ ನಾಲಿಗೆಯ ಮೇಲೆ ಕಾಗೆಬಂಗಾರದ ಚೂರು ಹೊಳೆಯುತ್ತಿತ್ತು. ಪಕ್ಕದ ಮನೆಯ ಬಾಣಂತಿ ಮುನಿಲಕ್ಷ್ಮಮ್ಮ ಆ ನೀರು ಕುಡಿದು ಕಕ್ಕಿದಳು, ಕಕ್ಕಿದ ಬಾಯಿ ಮುಕ್ಕಳಿಸಲು ಮತ್ತೆ ಅದೇ ನೀರು ತೆಗೆದುಕೊಂಡಳು. ಅಂಕಮ್ಮ ಅದನ್ನು ಕಣ್ಣಾರೆ ಕಂಡಳು. ಸೋಮಲಿಂಗಪ್ಪನ ಮೇಲೆ, ಆ ಹಳದಿ ಗೆರೆಯ ಮೇಲೆ, ಇದನ್ನೂ ಸೋಸಿಕೊಂಡು ಕುಡಿಯುತ್ತಿದ್ದ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಎರಡನೆಯ ವಾರ ಅವಳು ಅಲ್ಯೂಮಿನಿಯಂ ಕೊಡದ ತಳದ ಕೆಸರಿನಿಂದಲೇ ಕೊಡ ಉಜ್ಜಲು ಕುಳಿತಿದ್ದಳು. ನಾಲ್ಕು ಸಲ ಉಜ್ಜಿದ್ದಕ್ಕೆ ಕೊಡದ ಮೈಮೇಲೆ ಬೆಕ್ಕು ಪರಚಿದ ಹಾಗೆ ಗೀರು ಎದ್ದವು. ಮರಳಿಗೆ ಹಾಗೆ ಗೀರುವ ಶಕ್ತಿ ಇಲ್ಲ, ಕಾಗೆಬಂಗಾರಕ್ಕಂತೂ ಇಲ್ಲವೇ ಇಲ್ಲ. ಕೆಸರನ್ನು ಬೆರಳಲ್ಲಿ ತಿಕ್ಕಿ ಬೆಳಕಿಗೆ ಹಿಡಿದಳು. ಕೆಂಪು ಕಾಳು.

"ಮುನಿಲಕ್ಷ್ಮೀ, ಬಾರೇ ಇಲ್ಲಿ. ನೋಡೇ, ಸಾವ್ಕಾರನ ಕುರಂದ ನಮ್ ಕೊಡದಾಗೆ ಕುಂತೈತೆ!"

"ಅಯ್ಯೋ, ಅದು ನಮ್ ಹೊಟ್ಟೆಗೋಗಿ ಎಷ್ಟ್ ದಿನ ಆಯ್ತಕ್ಕ?"

ಅಂಕಮ್ಮನಿಗೆ ಎಲ್ಲ ಅರ್ಥವಾಯಿತು. ಸಂಜೆ ಕೇರಿಗೆ ನೀರು ಬಿಡದೆ ಟ್ಯಾಂಕು ಯಾವಾಗಲೂ ತುಂಬಿಯೇ ಇರುತ್ತಿತ್ತು. ಗೆರೆ ಎಳೆದದ್ದು ಅರ್ಧ ಟ್ಯಾಂಕಿಗೆ. ತುಂಬಿದ ಟ್ಯಾಂಕಿನ ನೀರು ಮೇಜಿನ ಮೇಲೆ ಬೆರಳು ಮುಳುಗುವಷ್ಟು ಬಂದು, ಕಾಳನ್ನೂ ಹೊಟ್ಟನ್ನೂ ಒಟ್ಟಿಗೇ ಗುಂಡಿಗೆ ತಳ್ಳುತ್ತಿತ್ತು. ಹೇಳಲು ಅವಳು ಹೋಗಲಿಲ್ಲ. ಯಾವ ಕಾಲೇಜು ಅಂದವನು ತಾನೇ ಓದಿಕೊಳ್ಳಲಿ ಎಂದು ಸುತ್ತಿಗೆ ಎತ್ತಿಕೊಂಡಳು.

ದಿನಕ್ಕೆ ಹತ್ತು ಚೀಲ ಬೀಳುತ್ತಿದ್ದ ಮಾಲು ಆರಕ್ಕೆ ಇಳಿಯಿತು. ರಾಮಪ್ರಸಾದ ಮೇಜು ಬಿಚ್ಚಿ ನೋಡಿದ, ಬೆಲ್ಟು ಬದಲಿಸಿದ, ಪಿಳ್ಳಪ್ಪನಿಗೆ ಬೈದ. ತನ್ನ ಗೆರೆಯ ಕಡೆ ಮಾತ್ರ ನೋಡಲಿಲ್ಲ. ಕೊನೆಗೆ ಸೋಮಲಿಂಗಪ್ಪನ ಕಿವಿಯಲ್ಲಿ, "ಕಳ್ಳತನ ಸಾರ್. ಕೇರಿಯವರ ಕೆಲಸ," ಎಂದ. ಹೊಲೆಯರ ಮೇಲೆ ಹಾಕುವ ಕಳ್ಳತನಕ್ಕೆ ಸಾಕ್ಷಿ ಯಾವತ್ತು ಬೇಕಾಗಿದೆ?

ಮಾರನೆಯ ದಿನ ಹನ್ನೊಂದು ಗಂಟೆಗೆ ಠಾಣೆಯಿಂದ ಪೊಲೀಸ್ ದಫೇದಾರ ಬಂದ. ಹೆಂಗಸರ ಕೈಯಿಂದ ಸುತ್ತಿಗೆ ಬಿಡಿಸಿ, ಕೇರಿಗೆ ನಡೆಸಿಕೊಂಡು ಹೋಗಿ, ಗುಡಿಸಲು ಗುಡಿಸಲಿನ ಮಡಕೆ ಕುಡಿಕೆ ಕೆಡವಿಸಿದ. ಏನೂ ಸಿಗದೆ ರೇಗಿ ಬಾಣಂತಿಯ ಕೊಡಕ್ಕೆ ಒದ್ದ. ಬೂದಿ ನೀರು ಚೆಲ್ಲಿ, ತಳದ ಗಸಿ ಹೊರಬಿತ್ತು. ಬಿಸಿಲಿಗೆ ಕೆಂಪಗೆ ಮಿನುಗಿತು.

"ಸಿಕ್ತು ಸಾರ್!" ಎಂದು ಜೊತೆಗೆ ಬಂದಿದ್ದ ರಾಮಪ್ರಸಾದ ಕುಣಿದುಬಿಟ್ಟ.

"ಕಳ್ಳ ಮುಂಡೆಯರಾ, ನೀರಲ್ಲಿ ಬಚ್ಚಿಡ್ತೀರಾ?" ಎಂದು ದಫೇದಾರ ಲಾಠಿ ಬೀಸಿದ. ಏಟು ಅಂಕಮ್ಮನ ಮೊಣಕೈಗೆ ಬಿತ್ತು. "ಎತ್ಕೊಳ್ರೇ ಎಲ್ಲರ ಕೊಡಾನೂ. ಶೆಡ್ಡಿಗೆ ನಡೀರಿ, ಸಾವ್ಕಾರ್ರ ಮುಂದೆ ಹೇಳುವಿರಂತೆ."

ಇಪ್ಪತ್ತೆರಡು ಹೆಂಗಸರು ಇಪ್ಪತ್ತೆರಡು ಕೊಡ ಹೊತ್ತು, ಕಳ್ಳರ ಮೆರವಣಿಗೆಯಾಗಿ ಶೆಡ್ಡಿಗೆ ಬಂದರು. ಮೇಜು ನಡುಗುತ್ತಲೇ ಇತ್ತು. ಸೋಮಲಿಂಗಪ್ಪ ಮೂಗಿಗೆ ಟವಲು ಹಿಡಿದು ಒಂದು ಕೊಡಕ್ಕೆ ಇಣುಕಿದ.

"ಥೂ! ಏನೇ ಇದು ನಾತ? ಏನಕ್ಕೆ ಇಟ್ಕೊಂಡಿದೀರಿ ಇದನ್ನ?"

"ಕುಡಿಯಾಕೆ," ಎಂದಳು ಅಂಕಮ್ಮ.

ದಫೇದಾರ ಪಕ್ಕಕ್ಕೆ ತಿರುಗಿ ಉಗಿದ. "ಏನಾದ್ರೂ ಮಾಡ್ಕೊಳ್ಳಿ, ಮಾಲು ಸಿಕ್ತಲ್ಲ," ಎಂದ.

"ಸಿಕ್ತು ಸ್ವಾಮಿ. ಕದ್ದೋರು ಯಾರು ಅಂತ ಆ ಅಳದಿ ಗೆರೆನ ಕೇಳಿ. ತುಂಬಿದ ಟ್ಯಾಂಕಿಗೆ ಅರ್ಧ ಟ್ಯಾಂಕಿನ ಗುರುತು ಆಕವ್ರೆ. ನಿಮ್ ಮಾಲೆಲ್ಲ ಗುಂಡಿಗೋಯ್ತು, ಗುಂಡಿಯಿಂದ ನಮ್ ಬಾಯಿಗ್ ಬಂತು." ಅಂಕಮ್ಮ ತನ್ನ ಕೊಡ ಎತ್ತಿ ಮೇಜಿನ ಮೇಲೆ ಸುರಿದಳು. ಬೂದಿ ನೀರು ಸೋಮಲಿಂಗಪ್ಪನ ಪಂಚೆಗೆ ಸಿಡಿಯಿತು. "ತಗಳಿ. ಸುರೀರ್ರೇ ಎಲ್ಲಾರೂ! ಸಾವ್ಕಾರ್ರ ಕಾಳು ಸಾವ್ಕಾರ್ರಿಗೇ ಓಗ್ಲಿ. ಉಂಡು ಹೊಟ್ಟೆಗೋಗಿರೋದು ಇನ್ನೂ ಐತೆ. ನಾಳೆ ವತ್ತಾರೆ ಕೆರೆ ಏರಿ ಹಿಂದಕ್ ಬನ್ನಿ, ಅದ್ನೂ ಕೊಡ್ತೀವಿ. ಕೂತು ಕೇರ್ಕಳಿ!"

ಹೆಂಗಸರು ಒಬ್ಬೊಬ್ಬರಾಗಿ ಸುರಿದರು. ಸೋಮಲಿಂಗಪ್ಪ ಅಂಗಡಿಯಲ್ಲಿ ಹುಟ್ಟಿ ಬೆಳೆದವನು. ಬೈಗುಳ ಅವನಿಗೆ ಅರ್ಧ ಮಾತ್ರ ಕೇಳಿಸಿತು. ಚರಂಡಿಗೆ ಜಾರುತ್ತಿದ್ದ ಕೆಂಪು ಗೆರೆ ಮಾತ್ರ ಪೂರ್ತಿ ಕಂಡಿತು. ರಾಮಪ್ರಸಾದನ ಮುಖ ನೋಡಿದ. ರಾಮಪ್ರಸಾದ ಜೇಬಿನ ಪೆನ್ನು ಸರಿಮಾಡಿಕೊಂಡ.

"ನೋಡಮ್ಮ ಅಂಕಮ್ಮ, ಕೇಸು ಗೀಸು ಏನೂ ಬೇಡ. ನಮ್ಮನಮ್ಮಲ್ಲೇ ಇರ್ಲಿ," ಎಂದ ಸೋಮಲಿಂಗಪ್ಪ. ಜೇನುತುಪ್ಪ ಸವರಿದ ದನಿ. "ನೀನೇ ಮೊದಲಿನ ಹಾಗೆ ವಾಲ್ವ್ ನೋಡ್ಕೋ."

"ಸಂಜೆ ನೀರು?"

"ಮೊದ್ಲು ಮಾಲು ಸರಿಯಾಗಿ ಬೀಳ್ಲಿ. ಆಮೇಲೆ ನೋಡೋಣ."

"ಮಾರಮ್ಮನ ಕಲ್ಲು ಮುಟ್ಟಿದ್ರಿ."

"ಅದೇ ಹೇಳಿದ್ನಲ್ಲ, ನೋಡೋಣ ಅಂತ! ಬಾಯಿ ಮುಚ್ಕೊಂಡು ಮಾಡು." ಸೋಮಲಿಂಗಪ್ಪ ಬೀಗದ ಕೈ ತೆಗೆದು ಅವಳ ಕಡೆ ಎಸೆದ. ಕೈಗೆ ಕೈ ತಾಗದ ಹಾಗೆ ಕೇರಿಯವರಿಗೆ ಕೊಡುವ ರೀತಿಯೇ ಅದು. ಕೀ ಅವಳ ಕಾಲ ಬಳಿ ಕೊಚ್ಚೆಯಲ್ಲಿ ಬಿತ್ತು.

ಅಂಕಮ್ಮ ಬಗ್ಗಿ ಎತ್ತಿಕೊಂಡಳು. ಬೀಗ ತೆಗೆದು ಸರಪಳಿ ಬಿಚ್ಚಿದಳು. ಕೆಂಪುಚಕ್ರದ ಮೇಲೆ ಕೈ ಇಟ್ಟು ನಿಧಾನವಾಗಿ ತಿರುಗಿಸಿದಳು. ಮೇಜಿನ ನೀರು ಇಳಿಯಿತು. ಬೆರಳಷ್ಟಾಯಿತು, ಉಗುರಷ್ಟಾಯಿತು, ಅರ್ಧ ಉಗುರಾಯಿತು.

"ಅಷ್ಟೇ! ಸಾಕು, ಸಾಕು! ನಿಲ್ಸು!" ಎಂದ ರಾಮಪ್ರಸಾದ.

ಅವಳು ನಿಲ್ಲಿಸಲಿಲ್ಲ. ಚಕ್ರ ಕಚ್ಚಿಕೊಂಡು ನಿಲ್ಲುವವರೆಗೂ ತಿರುಗಿಸಿದಳು. ಆಮೇಲೆ ಪಕ್ಕದ ಕರಿಚಕ್ರ ಹಿಡಿದಳು. ತುಕ್ಕು ಹಿಡಿದಿತ್ತು, ಏಟು ಬಿದ್ದ ಮೊಣಕೈ ಚುರ್ರೆಂದಿತು. ಮುನಿಲಕ್ಷ್ಮಮ್ಮ ಬಂದು ಕೈ ಜೋಡಿಸಿದಳು. ಚಕ್ರ ಪೂರ್ತಿ ಬಿಚ್ಚಿತು. ಕೊಳವೆಯೊಳಗೆ ನೀರು ಗುಡುಗುಡು ಅನ್ನುತ್ತ ಕೇರಿಯ ಕಡೆ ಓಡಿತು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವಳು ಎರಡೂ ಚಕ್ರಕ್ಕೆ ಅದೇ ಸರಪಳಿ ಬಿಗಿದು, ಅದೇ ಬೀಗ ಜಡಿದಳು.

"ಏಯ್! ಏನ್ಮಾಡ್ತಿದ್ದೀಯೇ ಬೋಳಿ? ಕೀ ಕೊಡೇ ಇಲ್ಲಿ!" ಎಂದು ಸೋಮಲಿಂಗಪ್ಪ ಮುಂದೆ ಬಂದ.

"ತಗಳಿ," ಎಂದಳು ಅಂಕಮ್ಮ. ಕೈಗೆ ಕೈ ತಾಗದ ಹಾಗೆ ಎಸೆದಳು. ಕೀ ಸೋಮಲಿಂಗಪ್ಪನ ತಲೆಯ ಮೇಲಿಂದ ಹಾರಿ, ಶೆಡ್ಡಿನ ಹಿಂದಿನ ಕೊಚ್ಚೆಗುಂಡಿಯ ನಡುವೆ ಬಿತ್ತು. ಎರಡು ಗುಳ್ಳೆ ಎದ್ದವು.

ದಫೇದಾರ ಅವಳ ಜುಟ್ಟು ಹಿಡಿದು ನೆಲಕ್ಕೆ ಕೆಡವಿದ. ಕೆಡವಿದಲ್ಲಿಂದಲೇ ಅವಳಿಗೆ ಎಲ್ಲ ಕಾಣುತ್ತಿತ್ತು. ದೊಡ್ಡಮೊರ ಒಣಗಿ, ಕಲ್ಲಿನ ಪುಡಿಯನ್ನು ಸುಮ್ಮನೆ ಕುಲುಕುತ್ತ ಕಿರುಗುಡುತ್ತಿತ್ತು. ಕೇರಿಯ ಕಡೆಯಿಂದ ಕೊಡಗಳ ಸದ್ದು, ಮಕ್ಕಳ ಕೂಗು. ಸರಪಳಿ ಕೊಯ್ಯಲು ಬೇಕಾದ ಗರಗಸ ಇದ್ದದ್ದು ದೂರದ ಜಯನಗರದಲ್ಲಿ.

"ಇಳಿಯೋ ಪಿಳ್ಳ, ಇಳಿದು ಹುಡುಕೋ!" ಎಂದು ಸೋಮಲಿಂಗಪ್ಪ ಅರಚಿದ.

ಪಿಳ್ಳಪ್ಪ ಬೆಲ್ಟಿಗೆ ಬಳಿಯುತ್ತಿದ್ದ ರಾಳದ ಡಬ್ಬಿ ಕೆಳಗಿಟ್ಟು, ಕೈಕಟ್ಟಿ ಗೋಡೆಗೆ ಒರಗಿದ. ಹೆಂಗಸರಲ್ಲಿ ಒಬ್ಬಳೂ ಅಲುಗಲಿಲ್ಲ. ಟ್ಯಾಂಕಿನೊಳಗೆ ನೀರು ಇಳಿಯುವ ಸದ್ದು ಕೇಳುತ್ತಿತ್ತು.

ಸೋಮಲಿಂಗಪ್ಪ ರಾಮಪ್ರಸಾದನ ಕಡೆ ತಿರುಗಿದ. ರಾಮಪ್ರಸಾದ ಗುಂಡಿಯ ಅಂಚಿಗೆ ಹೋಗಿ ನಿಂತು, ಆ ಬೂದಿ ನೀರನ್ನೂ, ಮೇಲೆ ತೇಲುತ್ತಿದ್ದ ಗ್ರೀಸನ್ನೂ ನೋಡಿದ. ಆಮೇಲೆ ಮೂಗು ಮುಚ್ಚಿಕೊಂಡು ಬೂಟು ಬಿಚ್ಚತೊಡಗಿದ.