ಎದುರು ನಿಂತರೆ ಒಂದು ಚುಕ್ಕಿ

ಒಂದೇ ಒಂದು ವಾಕ್ಯ ಮಿಸ್ರಿಯಾಳ ನೆಮ್ಮದಿ ಕೆಡಿಸಿತ್ತು. ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ ಕಲಿತವಳು ಅವಳು. ಲಾಯಿಲದ ಮಹಿಳಾ ಸಂಘದಲ್ಲಿ ಭಾನುವಾರ ಅವಳ ಮೊದಲ ಭಾಷಣ. ವಿಷಯ ನ್ಯೂಟ್ರಿನೋ: ಗೋಡೆ, ಬೆಟ್ಟ, ಮನುಷ್ಯ ಯಾವುದನ್ನೂ ಲೆಕ್ಕಿಸದೆ ಹಾದುಹೋಗುವ ಕಣ. ಕೆಲವು ದೂರದ ಗೆಲಾಕ್ಸಿಗಳ ಕೇಂದ್ರದಿಂದ ಎರಡು ಕಡೆಗೂ ಧಾರೆಗಳು ಚಿಮ್ಮುತ್ತವಂತೆ; ಅಂಥದೊಂದು ನೇರ ನಮ್ಮ ಕಡೆ ತಿರುಗಿದ್ದರೆ ಬರೀ ಚುಕ್ಕಿಯಾಗಿ ಕಾಣುತ್ತದಂತೆ. ಬಹಳ ಶಕ್ತಿಯ ನ್ಯೂಟ್ರಿನೋಗಳು ಅಲ್ಲಿಂದ ಬರುತ್ತವೆ ಎಂದು ಬರೆದಿದ್ದಳು. ಬರುತ್ತವೆಯೋ, ಬರಬಹುದೋ? ಎರಡು ಸಾವಿರದ ಐದನೇ ಇಸವಿಯಾದರೂ ಅದನ್ನು ಹಿಡಿದು ತೋರಿಸಿದವರಿಲ್ಲ. ‘ಬರಬಹುದು’ ಎಂದರೆ ನಗುತ್ತಾರೆ, ಮತ್ತೆ ಕರೆಯುವುದಿಲ್ಲ. ‘ಬರುತ್ತವೆ’ ಎಂದರೆ ಸುಳ್ಳು.

ಗಂಡ ಬದ್ರುದ್ದೀನನದು ರಸ್ತೆ ಬದಿಯಲ್ಲಿ ವಾಹನ ತೊಳೆಯುವ ವಾಟರ್ ಸರ್ವಿಸ್. ಸಂಜೆ ಬಿಸಿಲಲ್ಲಿ ಅವನ ಪೈಪಿನ ನೀರು ಉದ್ದಕ್ಕೆ, ಬೆಳ್ಳಗೆ ಜೀಪಿನ ಮೇಲೆ ಬೀಳುತ್ತಿತ್ತು.

“ಸ್ವಲ್ಪ ನನ್ನ ಕಡೆ ತಿರುಗಿಸಿ ನೋಡುವ,” ಎಂದಳು.

“ಚಂಡಿ ಆಗ್ತೀ ಮಾರಾಯ್ತಿ, ಬಟ್ಟೆಯೆಲ್ಲ ನೆನೀತದೆ!”

“ಆಗಲಿ.”

ಉದ್ದದ ಧಾರೆ ಕುಗ್ಗುತ್ತಾ ಕುಗ್ಗುತ್ತಾ ಹೊಳೆಯುವ ಒಂದು ಚುಕ್ಕಿಯಾಯಿತು. ಮುಖದ ಮೇಲೆ ತುಂತುರು. ಎಷ್ಟೋ ಕೋಟಿ ವರ್ಷಗಳಿಂದ ಆ ಚುಕ್ಕಿ ತನ್ನನ್ನೇ ನೋಡುತ್ತಿದೆ ಎನಿಸಿತು. ಜೀಪು, ರಸ್ತೆ, ಬೆಳ್ತಂಗಡಿ ಬಸ್ಸಿನ ಹಾರ್ನ್ ಎಲ್ಲ ಮೆಲ್ಲಗೆ ಕರಗಿದವು.

“ಶೀತ ಆದ್ರೆ ಭಾಷಣ ನಾನು ಮಾಡುದಾ?” ಬದ್ರುದ್ದೀನ್ ಮೋಟಾರು ನಿಲ್ಲಿಸಿದ.

ಭಾನುವಾರ ಆ ವಾಕ್ಯ ಬಂದೇ ಬಂತು. ಮಿಸ್ರಿಯಾ ಹಾಳೆಯಿಂದ ತಲೆಯೆತ್ತಿದಳು. “ಅಲ್ಲಿಂದ ಬರ್ತಾ ಇರಬಹುದು. ಸರಿಯಾಗಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಇಷ್ಟು ಜನ ಸೇರಿದ್ದಾ ಮಿಸ್ರಿಯಾ?” ಎಂದರು ಸಂಘದ ಅಧ್ಯಕ್ಷೆ ಶಶಿಪ್ರಭಾ. ಎಲ್ಲರೂ ನಕ್ಕರು. ಮಿಸ್ರಿಯಾ ತಲೆ ತಗ್ಗಿಸಿದಳು.

ಮುಂದಿನ ಬೆಂಚಿನ ಮುದುಕಿ ಬೀಪಾತುಮ್ಮ ಮಾತ್ರ ನಗಲಿಲ್ಲ. “ಅದು ನಮ್ಮೊಳಗಿಂದಲೂ ಹೋಗ್ತದಾ ಮಗಳೇ?”

“ಹೋಗ್ತದೆ ಉಮ್ಮಾ. ಸೂರ್ಯನಿಂದ ಬಂದದ್ದು ಈಗಲೂ ಹೋಗ್ತಾ ಉಂಟು. ಆ ದೂರದ್ದೂ ಅಪರೂಪಕ್ಕೆ ಒಂದು ಇದ್ದರೆ ಇರಬಹುದು.”

“ಯಾವ ಊರಿಂದ ಬಂತೋ ಗೊತ್ತಿಲ್ಲ, ಒಳಗೆ ಬಂದು ಹೊರಗೆ ಹೋಗ್ತದೆ. ಚಾ ಬೇಕಾ ಅಂತ ಕೇಳ್ಲಿಕ್ಕೂ ಪುರುಸೊತ್ತಿಲ್ಲ!”

ಮತ್ತೆ ನಗು ಎದ್ದಿತು. ಆದರೆ ಮುದುಕಿ ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದು ಕಂಡು ಅದು ತಾನಾಗಿಯೇ ಇಳಿಯಿತು. ಪಕ್ಕದವಳೂ ಎದೆ ಮುಟ್ಟಿಕೊಂಡಳು, ಅವಳ ಪಕ್ಕದವಳೂ. ಯಾರೋ ಹಾದುಹೋಗುತ್ತಿದ್ದಾರೆ, ಅಡ್ಡಿಯಾಗಬಾರದು ಎಂಬಂತೆ ಕೋಣೆ ತುಂಬ ಹೆಂಗಸರು ಅಲುಗದೆ ಕೂತರು.

ವಂದನೆ ಹೇಳಲು ಎದ್ದಿದ್ದ ಶಶಿಪ್ರಭಾ ಮತ್ತೆ ಕುಳಿತರು. “ಗೊತ್ತಿಲ್ಲದ್ದು ಇನ್ನೂ ಉಂಟಾ?” ಎಂದರು ಮೆಲ್ಲಗೆ. “ಇದ್ದರೆ ಹೇಳು.”