ಒಂಬತ್ತನೆಯ ಕಥೆ

ನಾನು ಒಂದು ಕಥೆಪುಸ್ತಕ. ಹುಟ್ಟಿದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಬಂದರಿನ ಪುಟ್ಟ ಮುದ್ರಣಾಲಯದಲ್ಲಿ, ನೂರಿಪ್ಪತ್ತು ವರ್ಷಗಳ ಹಿಂದೆ. ನನ್ನೊಳಗೆ ಒಂಬತ್ತು ಹೆಂಗಸರು ಬರೆದ ಒಂಬತ್ತು ಕಥೆಗಳಿವೆ. ಅವರಲ್ಲಿ ಒಬ್ಬರ ಹೆಸರೂ ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ವಾರಪತ್ರಿಕೆಗೆ ಒಂದೋ ಎರಡೋ ಕಥೆ ಕಳಿಸಿ, ಮತ್ತೆ ಒಲೆಯ ಮುಂದೆ ಹೋಗಿ ನಿಂತವರೇ ಹೆಚ್ಚು. ಇಬ್ಬರು ಗಂಡನ ಹೆಸರಿನ ಹಿಂದೆ ಅಡಗಿಕೊಂಡು ಬರೆದರು. ಕೊನೆಯ ಕಥೆಯವಳಂತೂ ‘ಎಂ. ಎಲ್.’ ಎಂದಷ್ಟೇ ಹಾಕಿ ಸುಮ್ಮನಾದಳು. ಆಕೆಯ ಕಥೆಯನ್ನು ಇಷ್ಟು ವರ್ಷ ಹೊತ್ತ ನನಗೇ ಆಕೆಯ ಹೆಸರು ಗೊತ್ತಿಲ್ಲ. ಸಿಟ್ಟು ಬರದೆ ಇರುತ್ತದೆಯೇ?

ನನ್ನನ್ನು ಮೊದಲು ಕೊಂಡವಳು ಒಬ್ಬ ಶಾಲಾ ಶಿಕ್ಷಕಿ. ಅವಳು ತೀರಿಕೊಂಡ ಮೇಲೆ ಚರ್ಚಿನ ವಾಚನಾಲಯ ಸೇರಿದೆ. ಅಲ್ಲಿಂದ ಯಾರೋ ಪುಣ್ಯಾತ್ಮರು ಭಾರತದ ಕಾಲೇಜುಗಳಿಗೆ ದಾನ ಮಾಡಲೆಂದು ಪೆಟ್ಟಿಗೆಗೆ ತುಂಬಿದರು. ಹಡಗು ಹತ್ತಿ, ರೈಲು ಹತ್ತಿ, ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಬಂದಿಳಿದೆ. ಬಂದ ದಿನವೇ ನನ್ನನ್ನು ಅಮೆರಿಕದ ಕಪಾಟಿಗೆ ತುರುಕಿದರು. ಕೆಲವು ವರ್ಷಗಳ ನಂತರ ಭೂಗೋಳಕ್ಕೆ. ಎತ್ತಿಕೊಂಡ ಹುಡುಗಿಯರು ಕರಡಿಯನ್ನೂ ಹಿಮವನ್ನೂ ಹುಡುಕಿದರು. ನನ್ನಲ್ಲಿ ಕರಡಿಯೇ ಇಲ್ಲ. ಹಿಮ ಒಂದೇ ಕಡೆ ಬೀಳುತ್ತದೆ, ನಾಲ್ಕು ಸಾಲು. ಉಳಿದದ್ದೆಲ್ಲ ಉಪ್ಪುಮೀನು, ಅತ್ತಿಗೆ ನಾದಿನಿಯರ ಮುನಿಸು, ಬಾರದ ಪತ್ರ. ಪಟ್ಟನೆ ಮುಚ್ಚಿ ಹೋಗುತ್ತಿದ್ದರು.

ಕೊನೆಗೆ ಸುಮಿತ್ರಾ ಕೊಣ್ಣೂರ ಬಂದಳು. ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ವಯಸ್ಸು ಐವತ್ತರ ಹತ್ತಿರ. ನಕಾಶೆಯ ಪುಸ್ತಕ ಹುಡುಕಲು ಬಂದು ನನ್ನನ್ನು ತೆರೆದಳು, ನಿಂತಲ್ಲೇ ಮೂರು ಪುಟ ಓದಿದಳು. ಅಂದಿನಿಂದ ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ನಾವಿಬ್ಬರು. ಗಂಟೆ ಹೊಡೆದರೆ ಕಪಾಟಿಗಿಟ್ಟು ಓಡುತ್ತಿದ್ದಳು. ಗ್ರಂಥಪಾಲಕ ಹಂಪಿಹೊಳಿಯವರು ಒಮ್ಮೆ ಕೇಳಿದರು: “ಮನಿಗೆ ಒಯ್ಯಬಾರದೇನ್ರಿ ಬಾಯಾರ?”

“ಇಲ್ಲಿದ್ರ ಓದ್ತೀನಿ ಸರ. ಮನಿಗೆ ಒಯ್ದ್ರ ಬರೇ ಇಟ್ಕೊಂಡಿರ್ತೀನಿ.”

ಹೀಗೆ ನಾಲ್ಕು ತಿಂಗಳಲ್ಲಿ ಎಂಟು ಕಥೆ ಮುಗಿದವು, ಕೆಲವು ಎರಡೆರಡು ಸಲ. ಒಂಬತ್ತನೆಯದು ಅರ್ಧಕ್ಕೆ ಬಂದಿತ್ತು. ಊರಿಗೆಲ್ಲ ಪತ್ರ ಬರೆದುಕೊಡುವ ಹೆಂಗಸಿನ ಕಥೆ ಅದು. ಕಡಲಿಗೆ ಹೋದ ಗಂಡಂದಿರಿಗೆ, ದೂರದ ಮಕ್ಕಳಿಗೆ, ಎಲ್ಲರ ಪರವಾಗಿ ಆಕೆಯೇ ಬರೆಯುತ್ತಾಳೆ. ತನ್ನದೆಂದು ಒಂದೂ ಇಲ್ಲ.

ಆಗಲೇ ಗ್ರಂಥಾಲಯ ಕಮಿಟಿಯ ಆದೇಶ ಬಂತು: ಇಪ್ಪತ್ತು ವರ್ಷ ಯಾರೂ ಒಯ್ಯದ ಪುಸ್ತಕಗಳೆಲ್ಲ ರದ್ದಿಗೆ. ನನ್ನನ್ನು ಗೋಣಿಚೀಲಕ್ಕೆ ಇಳಿಸಿದರು. ಸುಮಿತ್ರಾ ಓಡಿ ಬಂದಳು.

“ಇದನ್ನ ದಿನಾ ಓದ್ತೀನಿ ಸರ! ನೀವ ನೋಡೀರಲ್ಲ!”

“ನಾ ನೋಡೀನ್ರಿ. ಚೀಟಿ ನೋಡಿಲ್ಲಲ್ಲ.” ಹಂಪಿಹೊಳಿಯವರು ನನ್ನ ಹಿಂಬದಿಯ, ಮನೆಗೆ ಒಯ್ದ ತಾರೀಖಿನ ಮುದ್ರೆ ಬೀಳಬೇಕಾದ ಬಿಳಿ ಚೀಟಿ ತೋರಿಸಿದರು. “ಒಂದೂ ಶಿಕ್ಕಾ ಇಲ್ಲ. ಕಮಿಟಿಯವರಿಗೆ ಏನ್ ಹೇಳ್ಲಿ?”

“ಹಂಗಾರ ಹೊಡೀರಿ ಶಿಕ್ಕಾ.”

ಹೊಡೆದರು. ನಾನು ಮೊದಲ ಸಲ ಅವಳ ಮನೆ ಕಂಡೆ. ಅವಳು ಹೇಳಿದ್ದು ಸುಳ್ಳಲ್ಲ. ಪುಟ ತೆರೆದರೆ “ನನ್ನ ಚಷ್ಮಾ ಎಲ್ಲದ?” ಎಂದು ಗಂಡ. ಸಾಲು ಹಿಡಿದರೆ “ಸುಮೀ, ಹಾಲು ನೋಡವಾ” ಎಂದು ಅತ್ತೆ. ಒಬ್ಬರೂ ಕೆಟ್ಟವರಲ್ಲ, ಅದೇ ತೊಂದರೆ. ಹದಿನಾಲ್ಕು ದಿನದಲ್ಲಿ ಆರು ಸಾಲು ಓದಿದಳು. ಉಳಿದ ಹೊತ್ತು ನಾನು ಫ್ರಿಜ್ಜಿನ ಮೇಲೆ, ನನ್ನ ಮೇಲೆ ಹಪ್ಪಳದ ಡಬ್ಬಿ. ಅವಧಿ ಮುಗಿಯಿತು, ಇನ್ನೊಂದು ಶಿಕ್ಕಾ ಬಿತ್ತು. ಮತ್ತೆ ಹಪ್ಪಳ. ಓದಿದಾಗ ಚೀಟಿ ಬಿಳಿ, ಓದದಾಗ ಭರ್ತಿ! ಕಮಿಟಿಗೆ ಸಂತೋಷವೋ ಸಂತೋಷ.

ಒಂದು ದಿನ ಅವಳು ನನ್ನನ್ನು ಊಟದ ಚೀಲದಲ್ಲಿಟ್ಟುಕೊಂಡು ಹಳೆಯ ಮೇಜಿಗೇ ಹೊರಟಳು. ಹಂಪಿಹೊಳಿಯವರು ಬಾಗಿಲಲ್ಲೇ ತಡೆದರು.

“ಹೊರಗಿನ ಪುಸ್ತಕ ಒಳಗ ತರಂಗಿಲ್ರಿ.”

“ಹೊರಗಿಂದಾ? ಇದರ ಮ್ಯಾಲ ನಿಮ್ಮ ಶಿಕ್ಕಾನ ಅದ!”

“ಶಿಕ್ಕಾ ಬಿದ್ದದ್ದಕ್ಕ ಹೊರಗಿಂದು. ರೂಲ್ ಐತ್ರಿ ಬಾಯಾರ.”

 ಅವಳು ಗ್ರಂಥಾಲಯದ ಮೆಟ್ಟಿಲ ಮೇಲೆ, ಎಲ್ಲರೂ ಓಡಾಡುವಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ನಾನು. ಮೂರು ದಿನ ಬಿಸಿಲಲ್ಲಿ ಹೀಗೇ ಕೂತು ಕಥೆ ಮುಗಿಸಿದಳು. ಆ ಹೆಂಗಸು ಕೊನೆಗೆ ತನ್ನದೇ ಒಂದು ಪತ್ರ ಬರೆದು, ಕೆಳಗೆ ಪೂರ್ತಿ ಹೆಸರು ಹಾಕುತ್ತಾಳೆ. ಆದರೆ ಆ ಹೆಸರೇನೆಂದು ಕಥೆ ಹೇಳುವುದಿಲ್ಲ.

“ಹೆಸರರ ಹೇಳಬಾರದಿತ್ತೇನವಾ!” ಎಂದು ಸುಮಿತ್ರಾ ನನ್ನನ್ನೇ ಗದರಿದಳು. ಶೇಂಗಾ ಚಟ್ನಿ ಮೆತ್ತಿದ ಹೆಬ್ಬೆಟ್ಟು ಕಥೆಯ ಕೆಳಗಿನ ‘ಎಂ. ಎಲ್.’ ಮೇಲೆ ಒತ್ತಿತು.

ಹಿಂದಿರುಗಿಸುವಾಗ ಹಂಪಿಹೊಳಿಯವರು ಆ ಎಣ್ಣೆಕಲೆ ಕಂಡು ನಿಟ್ಟುಸಿರುಬಿಟ್ಟು, ಹಾಳಾದ ಪುಸ್ತಕಗಳ ರಿಜಿಸ್ಟರು ತೆಗೆದರು. “ಏನ್ ಬರೀಲಿ? ಮೊದಲ ಇತ್ತು ಅಂತ ಬರದುಬಿಡ್ತೀನಿ, ನಿಮ್ಮ ಹೆಸರ್ಯಾಕ.”

“ಮೊದಲ ಇರಲಿಲ್ಲ. ಓದುವಾಗ ಆತು. ಬರೀರಿ, ಸುಮಿತ್ರಾ ಕೊಣ್ಣೂರ. ಪೂರಾ ಬರೀರಿ.”

ಬರೆದರು.

ಈಗ ನಾನು ಹಾಳಾದ ಪುಸ್ತಕಗಳ ಬೀರುವಿನಲ್ಲಿದ್ದೇನೆ. ಇತ್ತ ಯಾವ ಕಮಿಟಿಯೂ ತಲೆಹಾಕುವುದಿಲ್ಲ. ಸುಮಿತ್ರಾ ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಎಂ. ಎಲ್. ಯಾರೆಂದು ನನಗೆ ಇನ್ನೂ ಗೊತ್ತಿಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆಕೆಯ ಕಥೆಯನ್ನು ಕೊನೆಯವರೆಗೆ ಓದಿದವಳು ಯಾರು ಎಂಬುದು ಮಾತ್ರ ನೀಲಿ ಶಾಯಿಯಲ್ಲಿ, ಪೂರ್ತಿ ಹೆಸರಿನೊಂದಿಗೆ, ರಿಜಿಸ್ಟರಿನಲ್ಲಿದೆ. ಚಟ್ನಿಯ ವಾಸನೆ ಇನ್ನೂ ಹೋಗಿಲ್ಲ.